ಶ್ರೀರಾಮಪುರದ ಸನ್ನದು ಮತ್ತು ಕ್ರೈಸ್ತವಿದ್ಯೆಯ ಆಚಾರ್ಯಪದವಿ

೧

‘ಡಾಕ್ಟರ್’ ಎಂಬ ಮಾತು ನಮ್ಮ ಜನರ ಬಾಯಲ್ಲಿ ಮುಖ್ಯವಾಗಿ ವೈದ್ಯನಿಗೆ ಸಲ್ಲುತ್ತದೆ. ವಿಶ್ವವಿದ್ಯಾನಿಲಯಗಳ ಪರಿಚಯವುಳ್ಳವರು ಪ್ರಬಂಧ ಬರೆದು ಪದವಿ ಪಡೆದವರಿಗೂ ಅದನ್ನು ಬಳಸುವರು. ಆದರೆ ಶಬ್ದದ ಮೂಲಾರ್ಥ ಇವೆರಡೂ ಅಲ್ಲ. ಲ್ಯಾಟಿನ್ ಭಾಷೆಯಲ್ಲಿ ‘ಡೊಕೇರೆ’ ಎಂದರೆ ಕಲಿಸುವುದು. ಅದರಿಂದ ನಿಷ್ಪನ್ನವಾದ ‘ಡಾಕ್ಟರ್’ ಎಂಬುದಕ್ಕೆ ಕಲಿಸುವವನು ಎಂದೇ ಅರ್ಥ. ಹೀಗೆ ನೋಡಿದರೆ ನಮ್ಮ ‘ಆಚಾರ್ಯ’ ಶಬ್ದಕ್ಕೂ ಇದಕ್ಕೂ ಇರುವ ಸಾಮೀಪ್ಯ ಎದ್ದುಕಾಣುತ್ತದೆ.

ಯಾಸ್ಕಮುನಿಯು ನಿರುಕ್ತದ ಮೊದಲನೆಯ ಅಧ್ಯಾಯದಲ್ಲಿ ಆಚಾರ್ಯ ಶಬ್ದಕ್ಕೆ ಮೂರು ನಿರ್ವಚನಗಳನ್ನು ಕೊಟ್ಟಿರುವನು. ಶಿಷ್ಯನಿಂದ ಆಚಾರವನ್ನು ಗ್ರಹಣಮಾಡಿಸುವವನು ಎಂಬುದು ಒಂದು. ಅರ್ಥಗಳನ್ನು ಸಂಚಯನಮಾಡುವವನು ಎಂಬುದು ಎರಡನೆಯದು. ಬುದ್ಧಿಯನ್ನು ಸಂಚಯನಮಾಡುವವನು ಎಂಬುದು ಮೂರನೆಯದು. ಮನುಸ್ಮೃತಿಯಾದರೋ ಕಲ್ಪರಹಸ್ಯಗಳೊಡನೆ ವೇದವನ್ನು ಕಲಿಸುವವನನ್ನು ಆಚಾರ್ಯನೆಂದೂ, ಜೀವನೋಪಾಯಕ್ಕಾಗಿ ವೇದದ ಒಂದು ಭಾಗವನ್ನು ಹೇಳಿಕೊಡುವವನನ್ನು ಉಪಾಧ್ಯಾಯನೆಂದೂ ಬೇರ್ಪಡಿಸುತ್ತದೆ. ಈ ವಿಂಗಡಣೆಯನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮುಂದೆ ಹೇಳುವ ವಿಷಯ ಸುಗಮವಾಗುವುದು.

ಕ್ರೈಸ್ತವಿದ್ಯೆ, ಕ್ರೈಸ್ತಶಿಕ್ಷಣ, ಸಭಾನಾಯಕತ್ವ ಎಂಬ ವಿಷಯಗಳಲ್ಲಿ ಡಾಕ್ಟರ್ ಪದವಿಯನ್ನು ಈಗ ಅನೇಕರು ಅರಸುತ್ತಿದ್ದಾರೆ. ಆ ಪದವಿಯನ್ನು ಕೊಡುವ ಅಧಿಕಾರ ನಮ್ಮ ದೇಶಕ್ಕೆ ಬಂದದ್ದು ಹೇಗೆ, ಬಂದಮೇಲೂ ಅದು ಬಹುಕಾಲ ನಿಷ್ಫಲವಾಗಿದ್ದುದೇಕೆ, ಫಲಿಸಿದ್ದು ಯಾವುದರಿಂದ ಎಂಬುದನ್ನು ವಿಚಾರಿಸುವುದೇ ಪ್ರಕೃತ ಲೇಖನದ ಉದ್ದೇಶ. ಕನ್ನಡದ ವ್ಯಾಕರಣ, ಕೋಶ, ಗ್ರಂಥಸಂಪಾದನೆಗಳಲ್ಲಿ ದುಡಿದ ಕೆಲವರು ಈ ಚರಿತ್ರೆಯ ನಡುವೆಯೇ ಬರುವುದರಿಂದ ನಮ್ಮ ಸಾಹಿತ್ಯೋಪಾಧ್ಯಾಯರಿಗೂ ಇದು ಪರಕೀಯವಾದ ವಿಷಯವಲ್ಲ.

೨

ಯುರೋಪಿನ ಸಂಪ್ರದಾಯವನ್ನು ಮೊದಲು ಸಂಕ್ಷೇಪವಾಗಿ ಹೇಳಬೇಕು. ಹನ್ನೆರಡನೆಯ ಶತಮಾನದ ಪ್ಯಾರಿಸಿನಲ್ಲಿ ಒಬ್ಬನು ಪಾಠ ಹೇಳಬೇಕಾದರೆ ಮಹಾದೇವಾಲಯದ ಅಧಿಕಾರಿಯಿಂದ ಅಪ್ಪಣೆ ಪಡೆಯಬೇಕಾಗಿತ್ತು. ಈ ಅಪ್ಪಣೆಗೆ ಹಣ ತೆಗೆದುಕೊಳ್ಳುವ ದುರಭ್ಯಾಸವೂ ಹಬ್ಬಿದ್ದಿತು. ಕ್ರಿ. ಶ. ೧೧೭೯ರಲ್ಲಿ ರೋಮಿನ ಲ್ಯಾಟರನ್ ಅರಮನೆಯಲ್ಲಿ ಸೇರಿದ ಮಹಾಸಭೆಯು ಅಪ್ಪಣೆಗೆ ಹಣ ಕೇಳಬಾರದೆಂದೂ, ಯೋಗ್ಯನಾದವನಿಗೆ ಅದನ್ನು ನಿರಾಕರಿಸಬಾರದೆಂದೂ ವಿಧಿಸಿತು. ಮುಂದೆ ಅಧ್ಯಾಪಕರೇ ಒಂದು ಸಂಘವಾಗಿ ಕೂಡಿ, ಅಭ್ಯರ್ಥಿಯನ್ನು ತಾವೇ ಪರೀಕ್ಷಿಸಿ, ತಮ್ಮ ಪಂಕ್ತಿಗೆ ಸೇರಿಸಿಕೊಳ್ಳುವ ಪದ್ಧತಿ ಬೆಳೆಯಿತು. ಅಭ್ಯರ್ಥಿಯು ಒಂದು ಪ್ರತಿಜ್ಞೆಯನ್ನು ಮುಂದಿಟ್ಟು, ಸಭೆಯಲ್ಲಿ ಎದ್ದ ಆಕ್ಷೇಪಗಳಿಗೆ ಸಮಾಧಾನ ಹೇಳಿ, ಅದನ್ನು ಸಾಧಿಸಬೇಕಾಗಿತ್ತು. ನಮ್ಮ ಪಾಠಶಾಲೆಗಳ ವಾಕ್ಯಾರ್ಥಗೋಷ್ಠಿಯನ್ನು ಬಲ್ಲವರಿಗೆ ಇದರ ಸ್ವರೂಪವನ್ನು ವಿವರಿಸಬೇಕಾದುದಿಲ್ಲ. ಪೂರ್ವಪಕ್ಷ, ಸಿದ್ಧಾಂತ, ಮಧ್ಯಸ್ಥರ ತೀರ್ಮಾನ, ಈ ಮೂರೂ ಎರಡು ಕಡೆಯೂ ಉಂಟು.

ಆದುದರಿಂದ ಈ ಪದವಿಗೆ ಮೂರು ಅಂಗಗಳು ಏರ್ಪಟ್ಟವು: ರಾಜನಿಂದಲೋ ಧರ್ಮಗುರುವಿನಿಂದಲೋ ಬಂದ ಅಧಿಕಾರ, ಸಮಾನವಿದ್ಯರಾದ ಅಧ್ಯಾಪಕರು ಮಾಡುವ ಪರೀಕ್ಷೆ, ಪದವಿ ಪಡೆದವನು ನಡೆಸಬೇಕಾದ ಅಧ್ಯಾಪನ. ಇವುಗಳಲ್ಲಿ ಒಂದು ಕುಂದಿದರೂ ಪದವಿಯು ಬರಿಯ ಬಿರುದಾಗಿ ಉಳಿಯುತ್ತದೆ.

೧೮೧೦ರಲ್ಲಿ ಬರ್ಲಿನ್ ವಿಶ್ವವಿದ್ಯಾನಿಲಯವು ಸ್ಥಾಪಿತವಾದಮೇಲೆ ಸಂಶೋಧನೆಯು ಅಧ್ಯಾಪಕನ ಮುಖ್ಯ ಧರ್ಮವೆಂಬ ಭಾವನೆ ಬಲಗೊಂಡಿತು. ಅಲ್ಲಿ ದೇವತಾಶಾಸ್ತ್ರದ ಅಧ್ಯಾಪಕರಾಗಿದ್ದ ಶ್ಲೈಯರ್‌ಮಾಖರ್ ಎಂಬ ವಿದ್ವಾಂಸರು ೧೮೧೧ರಲ್ಲಿ ಆ ಶಾಸ್ತ್ರದ ವ್ಯಾಸಂಗಕ್ರಮವನ್ನು ಕುರಿತು ಒಂದು ಚಿಕ್ಕ ಗ್ರಂಥವನ್ನು ಪ್ರಕಟಿಸಿದರು. ತಾತ್ತ್ವಿಕ, ಐತಿಹಾಸಿಕ, ಪ್ರಾಯೋಗಿಕ ಎಂದು ಶಾಸ್ತ್ರವನ್ನು ಮೂರಾಗಿ ವಿಭಾಗಿಸಿ, ಸಭೆಯನ್ನು ನಡೆಸುವ ಸಾಮರ್ಥ್ಯವೇ ಇವೆಲ್ಲದರ ಪ್ರಯೋಜನವೆಂದು ಅವರು ಪ್ರತಿಪಾದಿಸಿದರು. ‘ನಾಯಕತ್ವ’ ಎಂಬುದು ಈಚೆಗೆ ಪಠ್ಯಕ್ರಮಗಳಲ್ಲಿ ಸೇರಿದ ಹೊಸ ಮಾತೆಂದು ಭಾವಿಸುವವರು ಇದನ್ನು ಗಮನಿಸಬೇಕು. ಯಾಸ್ಕನ ಮೂರು ನಿರ್ವಚನಗಳಲ್ಲಿ ಮೊದಲನೆಯದಾದ ಆಚಾರಗ್ರಹಣವನ್ನೇ ಅವರು ಬೇರೊಂದು ದಾರಿಯಿಂದ ಬಂದು ಮುಟ್ಟಿದರೆಂದು ಹೇಳಬಹುದು.

೩

ಇನ್ನು ನಮ್ಮ ದೇಶಕ್ಕೆ ಬರೋಣ. ಕಲ್ಕತ್ತೆಗೆ ಸಮೀಪದಲ್ಲಿ, ಹೂಗ್ಲಿ ನದಿಯ ಪಶ್ಚಿಮ ದಡದಲ್ಲಿರುವ ಶ್ರೀರಾಮಪುರವು ೧೭೫೫ರಿಂದ ಡೆನ್ಮಾರ್ಕಿನವರ ವಶದಲ್ಲಿದ್ದ ಊರು. ಇಂಗ್ಲಿಷ್ ಕಂಪೆನಿಯು ಆಗ ತನ್ನ ಸೀಮೆಯಲ್ಲಿ ಪಾದ್ರಿಗಳಿಗೆ ಎಡೆಗೊಡುತ್ತಿರಲಿಲ್ಲ. ಆದಕಾರಣ ೧೭೯೯ರಲ್ಲಿ ಬಂದ ಜೋಶುವ ಮಾರ್ಷ್‌ಮನ್ ಮತ್ತು ವಿಲಿಯಂ ವಾರ್ಡ್ ಎಂಬವರು ಡೇನರ ಆಶ್ರಯವನ್ನು ಪಡೆದರು. ೧೭೯೩ರಿಂದಲೇ ಬಂಗಾಳದಲ್ಲಿದ್ದ ವಿಲಿಯಂ ಕೇರಿಯವರು ೧೮೦೦ರ ಜನವರಿಯಲ್ಲಿ ಅವರನ್ನು ಕೂಡಿಕೊಂಡರು. ಕೇರಿಯವರು ಪೂರ್ವಾಶ್ರಮದಲ್ಲಿ ಪಾದರಕ್ಷೆ ಹೊಲಿಯುವ ವೃತ್ತಿಯವರು, ವಾರ್ಡ್ ಮುದ್ರಣಕಾರರು, ಮಾರ್ಷ್‌ಮನ್ ಶಾಲೆಯ ಉಪಾಧ್ಯಾಯರು. ಮೂವರಲ್ಲಿ ಯಾರೂ ವಿಶ್ವವಿದ್ಯಾನಿಲಯದ ಮೆಟ್ಟಿಲನ್ನು ಹತ್ತಿದವರಲ್ಲ.

ಕೇರಿಯವರು ೧೮೦೧ರಲ್ಲಿ ಕಲ್ಕತ್ತೆಯ ಫೋರ್ಟ್ ವಿಲಿಯಂ ಕಾಲೇಜಿನಲ್ಲಿ ಬಂಗಾಳಿಯ ಅಧ್ಯಾಪಕರಾಗಿ ನೇಮಕಗೊಂಡು, ಅನಂತರ ಸಂಸ್ಕೃತವನ್ನೂ ಮರಾಠಿಯನ್ನೂ ಕಲಿಸಿದರು. ಅಲ್ಲಿ ಮೃತ್ಯುಂಜಯ ವಿದ್ಯಾಲಂಕಾರರೇ ಮೊದಲಾದ ಪಂಡಿತರ ಸಹವಾಸ ಅವರಿಗೆ ಲಭಿಸಿತು. ಅವರು ಇಂಗ್ಲಿಷಿನಲ್ಲಿ ರಚಿಸಿದ ಕರ್ಣಾಟಭಾಷಾ ವ್ಯಾಕರಣವು ೧೮೧೭ರಲ್ಲಿ ಶ್ರೀರಾಮಪುರದ ಮುದ್ರಣಾಲಯದಿಂದಲೇ ಹೊರಬಿದ್ದಿತು. ಕನ್ನಡಿಗರಿಗೆ ಆ ಊರಿನ ಹೆಸರು ಮೊದಲು ಪರಿಚಿತವಾಗಬೇಕಾದುದು ಈ ಗ್ರಂಥದಿಂದ.

ಮರುವರ್ಷ, ಎಂದರೆ ೧೮೧೮ರಲ್ಲಿ, ಈ ಮೂವರೂ ಸೇರಿ ಒಂದು ಮಹಾವಿದ್ಯಾಲಯದ ಯೋಜನೆಯನ್ನು ಪ್ರಕಟಿಸಿದರು. ಆ ಯೋಜನೆ ನಮ್ಮಂಥವರು ಲಕ್ಷ್ಯವಿಟ್ಟು ನೋಡತಕ್ಕದ್ದು. ಏಷ್ಯಾಖಂಡದ ಕ್ರೈಸ್ತರಿಗೂ ಇತರ ಯುವಕರಿಗೂ ಪೌರಸ್ತ್ಯ ಸಾಹಿತ್ಯವನ್ನೂ ಯುರೋಪಿನ ವಿಜ್ಞಾನವನ್ನೂ ಒಟ್ಟಿಗೆ ಕಲಿಸಬೇಕೆಂಬುದು ಅದರ ಸಂಕಲ್ಪ. ಸಂಸ್ಕೃತಕ್ಕೆ ಅದರಲ್ಲಿ ಮುಖ್ಯಸ್ಥಾನವಿತ್ತು. ಕ್ರೈಸ್ತಧರ್ಮವನ್ನು ಈ ನಾಡಿನಲ್ಲಿ ಬೋಧಿಸುವವನು ಈ ನಾಡಿನ ಶಾಸ್ತ್ರಗಳನ್ನು ಅರಿಯದಿದ್ದರೆ ವಿದ್ವಜ್ಜನರ ಮುಂದೆ ನಿಲ್ಲಲಾರನೆಂಬುದು ಅವರ ಅಭಿಪ್ರಾಯ. ಮೊದಲು ಸೇರಿದ ಮೂವತ್ತೇಳು ವಿದ್ಯಾರ್ಥಿಗಳಲ್ಲಿ ಕ್ರೈಸ್ತರಲ್ಲದವರು ಅರ್ಧಕ್ಕೆ ಸ್ವಲ್ಪವೇ ಕಡಮೆಯಾಗಿದ್ದರು.

ಕಾಲೇಜು ಏರ್ಪಟ್ಟರೂ ಪದವಿ ಕೊಡುವ ಅಧಿಕಾರವಿರಲಿಲ್ಲ. ಅದು ರಾಜನಿಂದಲೇ ಬರಬೇಕು. ಊರು ಡೆನ್ಮಾರ್ಕಿಗೆ ಸೇರಿದ್ದರಿಂದ ಮಾರ್ಷ್‌ಮನ್ನರು ಯುರೋಪಿಗೆ ಹೋದಾಗ ಕೋಪನ್‌ಹೇಗನ್ನಿಗೆ ತೆರಳಿ, ಆರನೆಯ ಫ್ರೆಡರಿಕ್ ದೊರೆಯನ್ನು ಪ್ರಾರ್ಥಿಸಿದರು. ೧೮೨೭ನೆಯ ಇಸವಿ ಫೆಬ್ರವರಿ ೨೩ರಂದು ಸನ್ನದು ದೊರೆಯಿತು. ಡೆನ್ಮಾರ್ಕಿನ ವಿಶ್ವವಿದ್ಯಾನಿಲಯಗಳಂತೆ ಪದವಿಗಳನ್ನು ಕೊಡುವ ಅಧಿಕಾರ ಇದರಿಂದ ಶ್ರೀರಾಮಪುರಕ್ಕೆ ಬಂದಿತು. ಕಲ್ಕತ್ತೆ, ಬೊಂಬಾಯಿ, ಮದರಾಸು ವಿಶ್ವವಿದ್ಯಾನಿಲಯಗಳು ಹುಟ್ಟಿದ್ದು ೧೮೫೭ರಲ್ಲಿ. ಅವಕ್ಕಿಂತ ಇದು ಮೂವತ್ತು ವರ್ಷ ಮುಂಚಿನದು. ೧೮೩೩ರಲ್ಲಿ ರಚಿತವಾದ ನಿಯಮಾವಳಿಯು ಅಧ್ಯಾಪಕರಿಗೆ ಮತವಿಶ್ವಾಸದ ನಿರ್ಬಂಧವನ್ನು ವಿಧಿಸಿದರೂ ವಿದ್ಯಾರ್ಥಿಗಳ ಪ್ರವೇಶಕ್ಕೆ ಜಾತಿಯಾಗಲಿ ವರ್ಣವಾಗಲಿ ದೇಶವಾಗಲಿ ಅಡ್ಡಿಯಾಗಬಾರದೆಂದು ಸ್ಪಷ್ಟಪಡಿಸಿತು.

೪

ಇಲ್ಲಿ ಒಂದು ವಿಚಿತ್ರವಿದೆ. ೧೮೨೭ರಲ್ಲಿ ದೊರೆತ ಅಧಿಕಾರದಿಂದ ದೇವತಾಶಾಸ್ತ್ರದ ಮೊದಲ ಪದವಿಗಳನ್ನು ಕೊಟ್ಟದ್ದು ೧೯೧೫ರಲ್ಲಿ. ನಡುವೆ ಎಂಬತ್ತೆಂಟು ವರ್ಷಗಳು ಕಳೆದುಹೋದವು. ಅಗ್ರಹಾರವು ದತ್ತವಾಗಿ ಶಾಸನವು ಕಲ್ಲಿನಲ್ಲಿ ನಿಂತಿದ್ದರೂ ವೇದಘೋಷವೇ ಕೇಳಿಬರದಿದ್ದ ಹಾಗಾಯಿತು.

ಇದಕ್ಕೆ ಕಾರಣಗಳನ್ನು ಹುಡುಕಿದರೆ ಮೊದಲು ಕಾಣುವುದು ದ್ರವ್ಯಾಭಾವ. ಸನ್ನದು ದೊರೆತ ವರ್ಷವೇ ಶ್ರೀರಾಮಪುರದವರಿಗೂ ಇಂಗ್ಲೆಂಡಿನಲ್ಲಿದ್ದ ಅವರ ಮಾತೃಸಂಘಕ್ಕೂ ಸಂಬಂಧ ಕಡಿದುಹೋಯಿತು. ೧೮೩೦ರಿಂದ ಮುಂದೆ ಕಲ್ಕತ್ತೆಯ ದೊಡ್ಡ ದೊಡ್ಡ ವ್ಯಾಪಾರದ ಕೋಠಿಗಳು ದಿವಾಳಿಯೆದ್ದುದರಿಂದ ಕಾಲೇಜಿನ ನಿಧಿಗೂ ಪೆಟ್ಟು ತಗಲಿತು. ಎರಡನೆಯದು ಪುರುಷಾಭಾವ. ವಾರ್ಡ್ ೧೮೨೩ರಲ್ಲಿಯೂ, ಕೇರಿ ೧೮೩೪ರಲ್ಲಿಯೂ, ಮಾರ್ಷ್‌ಮನ್ ೧೮೩೭ರಲ್ಲಿಯೂ ಕಾಲವಾದರು. ಅವರ ಸ್ಥಾನದಲ್ಲಿ ನಿಂತು ಶಿಷ್ಯಪರಂಪರೆಯನ್ನು ಬೆಳೆಸಬಲ್ಲ ಅಧ್ಯಾಪಕವರ್ಗ ಇನ್ನೂ ತಯಾರಾಗಿರಲಿಲ್ಲ. ಮೂರನೆಯದು ಮತಭೇದ. ಕಾಲೇಜು ಬ್ಯಾಪ್ಟಿಸ್ಟ್ ಪಂಗಡದ್ದು. ಒಂದು ಪಂಗಡದವರು ಕೊಡುವ ಪದವಿಯನ್ನು ಉಳಿದ ಪಂಗಡಗಳು ಅಂಗೀಕರಿಸುವುದು ಆ ಕಾಲದಲ್ಲಿ ಸುಲಭವಾಗಿರಲಿಲ್ಲ. ೧೮೮೩ರಲ್ಲಂತೂ ಸಾಮಾನ್ಯ ವಿದ್ಯೆಯ ತರಗತಿಗಳನ್ನೇ ಮುಚ್ಚಿ, ಅದನ್ನು ಧರ್ಮಬೋಧಕರ ಶಿಕ್ಷಣಶಾಲೆಯನ್ನಾಗಿ ಮಾರ್ಪಡಿಸಬೇಕಾಯಿತು.

ಆದರೂ ಸನ್ನದು ನಾಶವಾಗಲಿಲ್ಲ. ೧೮೪೫ರಲ್ಲಿ ಡೆನ್ಮಾರ್ಕಿನವರು ಶ್ರೀರಾಮಪುರವನ್ನು ಇಂಗ್ಲಿಷರಿಗೆ ಮಾರಿದಾಗ, ಕಾಲೇಜಿಗೆ ಕೊಟ್ಟಿದ್ದ ಹಕ್ಕುಗಳು ಊರ್ಜಿತವಾಗಿರತಕ್ಕದ್ದೆಂದು ಒಪ್ಪಂದದ ಆರನೆಯ ವಿಧಿಯಲ್ಲಿ ಬರೆಯಿಸಿದರು. ೧೮೫೭ರಲ್ಲಿ ಹುಟ್ಟಿದ ಮೂರು ವಿಶ್ವವಿದ್ಯಾನಿಲಯಗಳು ಸರಕಾರದ ಮತತಾಟಸ್ಥ್ಯ ನೀತಿಗೆ ಒಳಪಟ್ಟು ದೇವತಾಶಾಸ್ತ್ರವನ್ನು ದೂರವಿಟ್ಟವು. ಹೀಗಾಗಿ ಉಪಯೋಗವಿಲ್ಲದೆ ಪೆಟ್ಟಿಗೆಯಲ್ಲಿದ್ದ ಆ ಸನ್ನದಿಗೆ ದೇಶದಲ್ಲಿ ಎಣೆಯಿಲ್ಲದಂತಾಯಿತು.

ಈ ದೀರ್ಘಕಾಲದಲ್ಲಿ ನಮ್ಮ ದೇಶದಲ್ಲಿ ಕ್ರೈಸ್ತವಿದ್ಯೆಯ ಆಚಾರ್ಯರೇ ಇರಲಿಲ್ಲವೆ? ಇದ್ದರು, ಆದರೆ ಅವರ ಪದವಿ ದೂರದೇಶಗಳಿಂದ ಗೌರವಾರ್ಥವಾಗಿ ಬಂದುದು. ಕೇರಿಯವರಿಗೆ ಅಮೆರಿಕದ ಬ್ರೌನ್ ವಿಶ್ವವಿದ್ಯಾನಿಲಯವು ೧೮೦೭ರಲ್ಲಿ ಡಾಕ್ಟರ್ ಆಫ್ ಡಿವಿನಿಟಿ ಪದವಿಯನ್ನು ಕಳುಹಿಸಿತು. ೧೮೩೬ರಲ್ಲಿ ಮಂಗಳೂರಿಗೆ ಬಂದು, ೧೮೪೩ರಲ್ಲಿ ‘ಮಂಗಳೂರ ಸಮಾಚಾರ’ವನ್ನು ಆರಂಭಿಸಿ, ಜೈಮಿನಿಭಾರತ, ಬಸವಪುರಾಣ, ದಾಸರ ಪದಗಳೇ ಮೊದಲಾದವನ್ನು ಅಚ್ಚುಮಾಡಿಸಿದ ಹೆರ್ಮನ್ ಮ್ಯೋಗ್ಲಿಂಗರಿಗೆ ಜರ್ಮನಿಯ ಟ್ಯೂಬಿಂಗೆನ್ ವಿಶ್ವವಿದ್ಯಾನಿಲಯವು ೧೮೫೮ರಲ್ಲಿ ಡಾಕ್ಟರ್ ಪದವಿಯನ್ನಿತ್ತಿತು. ಫರ್ಡಿನಾಂಡ್ ಕಿಟ್ಟೆಲರು ೧೮೫೩ರಲ್ಲಿ ಈ ದೇಶಕ್ಕೆ ಬಂದು, ೧೮೬೨ರಲ್ಲಿ ಕ್ರಿಸ್ತಚರಿತೆಯನ್ನು ದೇಶೀಯ ಛಂದಸ್ಸಿನಲ್ಲಿ ‘ಕಥಾಮಾಲೆ’ಯಾಗಿ ರಚಿಸಿ, ೧೮೭೨ರಲ್ಲಿ ಶಬ್ದಮಣಿದರ್ಪಣವನ್ನೂ ೧೮೭೫ರಲ್ಲಿ ನಾಗವರ್ಮನ ಛಂದೋಗ್ರಂಥವನ್ನೂ ಸಂಪಾದಿಸಿ, ೧೮೯೪ರಲ್ಲಿ ಮಹಾಕೋಶವನ್ನು ಪ್ರಕಟಿಸಿದರು. ಅವರಿಗೂ ಅದೇ ಟ್ಯೂಬಿಂಗೆನ್ ೧೮೯೬ರಲ್ಲಿ ಆ ಗೌರವವನ್ನು ಸಲ್ಲಿಸಿತು.

ಈ ಮೂವರ ವಿಷಯದಲ್ಲಿ ಒಂದು ಸಾಮಾನ್ಯಧರ್ಮವನ್ನು ಕಾಣಬಹುದು. ಇವರೆಲ್ಲರೂ ಯಾರಿಗೆ ಬೋಧಿಸಬೇಕೆಂದು ಬಂದರೋ ಅವರ ಭಾಷೆಯನ್ನು ಮೊದಲು ತಾವು ಶಿಷ್ಯರಾಗಿ ಕಲಿತವರು. ಕಿಟ್ಟೆಲರ ಕಥಾಮಾಲೆಯು ಕ್ರೈಸ್ತಶಿಕ್ಷಣದ ಗ್ರಂಥವೆಂಬುದು ಸ್ಪಷ್ಟ. ಕೋಶವಾದರೋ ಕನ್ನಡಿಗರೆಲ್ಲರ ಸ್ವತ್ತು. ಆದರೆ ಕೋಶವನ್ನು ಕಟ್ಟುವಷ್ಟು ಭಾಷೆಯನ್ನು ಅರಗಿಸಿಕೊಳ್ಳದವನು ಕಥಾಮಾಲೆಯನ್ನು ರಚಿಸಲಾರನು. ಅರ್ಥಸಂಚಯವಿಲ್ಲದೆ ಆಚಾರಗ್ರಹಣ ಮಾಡಿಸುವುದಕ್ಕಾಗದೆಂಬ ಯಾಸ್ಕನ ಕ್ರಮಕ್ಕೆ ಇದು ಉತ್ತಮ ನಿದರ್ಶನ. ಅವರು ಪದವಿಗಾಗಿ ದುಡಿಯಲಿಲ್ಲ, ದುಡಿಮೆಯನ್ನು ಕಂಡು ಪದವಿ ಬಂದಿತು.

ಹಾಗೆಂದು ಗೌರವಪದವಿಯೇ ಸಾಕೆನ್ನುವಂತಿಲ್ಲ. ಅದು ವ್ಯಕ್ತಿಯನ್ನು ಮನ್ನಿಸುತ್ತದೆಯೇ ಹೊರತು ಪರಂಪರೆಯನ್ನು ಹುಟ್ಟಿಸುವುದಿಲ್ಲ. ಕಿಟ್ಟೆಲರು ೧೯೦೩ರಲ್ಲಿ ಟ್ಯೂಬಿಂಗೆನ್ನಿನಲ್ಲಿ ತೀರಿಕೊಂಡಾಗ ಅವರ ಪದವಿ ಅವರೊಡನೆಯೇ ಮುಗಿಯಿತು. ಪರೀಕ್ಷೆಯಿಂದ ಗಳಿಸುವ ಪದವಿಯಾದರೋ ಗುರುವಿನಿಂದ ಶಿಷ್ಯನಿಗೆ, ಶಿಷ್ಯನಿಂದ ಪ್ರಶಿಷ್ಯನಿಗೆ ಹರಿಯತಕ್ಕದ್ದು.

೫

ಪರಂಪರೆ ಆರಂಭವಾದುದು ಇಪ್ಪತ್ತನೆಯ ಶತಮಾನದಲ್ಲಿ. ಜಾರ್ಜ್ ಹೋವೆಲ್ಸ್ ಎಂಬವರು ಕಾಲೇಜಿನ ಮುಖ್ಯಾಧ್ಯಕ್ಷರಾಗಿ ಬಂದು ಹಳೆಯ ಸನ್ನದನ್ನು ಮತ್ತೆ ಬಳಕೆಗೆ ತರಲು ಶ್ರಮಿಸಿದರು. ೧೯೧೦ರಲ್ಲಿ ಉನ್ನತ ದೇವತಾಶಾಸ್ತ್ರದ ತರಗತಿಗಳು ಪುನಃ ಏರ್ಪಟ್ಟು, ೧೯೧೫ರಲ್ಲಿ ಮೊದಲ ಬಿ. ಡಿ. ಪದವಿಗಳನ್ನು ಕೊಡಲಾಯಿತು. ೧೯೧೮ರಲ್ಲಿ ಬಂಗಾಳದ ಶಾಸನಸಭೆಯು ಶ್ರೀರಾಮಪುರ ಕಾಲೇಜಿನ ವಿಷಯವಾಗಿ ಒಂದು ಶಾಸನವನ್ನು ಅಂಗೀಕರಿಸಿತು. ಅದರ ಫಲವಾಗಿ ಬೇರೆ ಬೇರೆ ಪಂಗಡಗಳ ಪ್ರತಿನಿಧಿಗಳುಳ್ಳ ಒಂದು ಸೆನೆಟ್ ಸಭೆ ರಚಿತವಾಗಿ, ದೂರದ ಊರುಗಳ ದೇವತಾಶಾಸ್ತ್ರದ ಕಾಲೇಜುಗಳನ್ನು ತನಗೆ ಸಂಯೋಜಿಸಿಕೊಂಡು, ಅವುಗಳ ವಿದ್ಯಾರ್ಥಿಗಳಿಗೂ ಪರೀಕ್ಷೆ ನಡೆಸಿ ಪದವಿ ಕೊಡಲು ಅನುಕೂಲವಾಯಿತು.

ಎಂಬತ್ತೆಂಟು ವರ್ಷ ಆಗದಿದ್ದ ಕಾರ್ಯವು ಇಷ್ಟು ಶೀಘ್ರವಾಗಿ ನೆಲೆಯೂರಿದುದಕ್ಕೆ ಕಾರಣ ಈ ಸೆನೆಟ್ಟೇ. ರಾಜದತ್ತವಾದ ಅಧಿಕಾರ ಮೊದಲಿನಿಂದಲೂ ಇದ್ದಿತು. ಇಲ್ಲದಿದ್ದುದು ಸಮಾನವಿದ್ಯರ ಗೋಷ್ಠಿ. ಪ್ಯಾರಿಸಿನ ಅಧ್ಯಾಪಕರು ಸಂಘವಾಗಿ ಕೂಡಿದಂತೆ ಇಲ್ಲಿಯೂ ಪಂಗಡಗಳು ಕೂಡಿದಮೇಲೆ ಪರೀಕ್ಷೆಗೆ ಬೆಲೆ ಬಂದಿತು. ಪರೀಕ್ಷೆಗೆ ಬೆಲೆ ಬಂದಮೇಲೆ ಪದವಿಗೂ ಬಂದಿತು.

ಹೀಗೆ ಸಂಯೋಜಿತವಾದ ಕಾಲೇಜುಗಳಲ್ಲಿ ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜು ಗಣ್ಯವಾದುದು. ೧೯೧೦ರಲ್ಲಿ ಹಲವು ಮಿಷನ್ನುಗಳ ಐಕಮತ್ಯದಿಂದ ಅದು ಸ್ಥಾಪಿತವಾಯಿತು. ‘ಯುನೈಟೆಡ್’, ಎಂದರೆ ಕೂಡಿದ, ಎಂಬ ವಿಶೇಷಣದಲ್ಲಿಯೇ ಮೇಲೆ ಹೇಳಿದ ತತ್ತ್ವ ಅಡಗಿದೆ. ಅದರ ಆರಂಭದ ವರ್ಷಗಳಲ್ಲಿ ಮುಖ್ಯಾಧ್ಯಕ್ಷರಾಗಿದ್ದ ಎಲ್. ಪಿ. ಲಾರ್ಸೆನ್ನರು ಡೆನ್ಮಾರ್ಕ್ ದೇಶದವರು. ಡೆನ್ಮಾರ್ಕಿನ ದೊರೆಯ ಸನ್ನದಿನ ಫಲವನ್ನು ಕನ್ನಡನಾಡಿನ ನೆಲದಲ್ಲಿ ಬೆಳೆಸುವ ಹೊಣೆ ಡೆನ್ಮಾರ್ಕಿನವರೊಬ್ಬರ ಪಾಲಿಗೇ ಬಂದುದು ಒಂದು ಸೋಜಿಗ. ೧೯೫೪ರಲ್ಲಿ ಜೆ. ರಸೆಲ್ ಚಂದ್ರನ್ ಅವರು ಆ ಕಾಲೇಜಿನ ಭಾರತೀಯರಾದ ಮೊದಲ ಮುಖ್ಯಾಧ್ಯಕ್ಷರಾದರು.

೬

ಬಿ. ಡಿ. ಪದವಿ ದೊರೆತರೂ ಸಂಶೋಧನೆಯ ಡಾಕ್ಟರ್ ಪದವಿಗಾಗಿ ನಮ್ಮವರು ಸಮುದ್ರವನ್ನು ದಾಟಬೇಕಾದ ಸ್ಥಿತಿ ಬಹುಕಾಲ ಮುಂದುವರಿಯಿತು. ಬೆಂಗಳೂರಿನ ಕಾಲೇಜಿನಲ್ಲಿ ಅಧ್ಯಾಪಕರಾಗಿದ್ದ ಪಿ. ಡಿ. ದೇವನಂದನ್ ಅವರು ಅಮೆರಿಕದ ಯೇಲ್ ವಿಶ್ವವಿದ್ಯಾನಿಲಯದಲ್ಲಿ ಮಾಯಾತತ್ತ್ವವನ್ನು ಕುರಿತು ಸಂಶೋಧನೆ ನಡೆಸಿದವರು. ವೇದಾಂತದ ಮುಖ್ಯ ಪ್ರಮೇಯವೊಂದನ್ನು ಪರೀಕ್ಷಿಸಲು ಭಾರತೀಯನು ಯೇಲ್ ವಿಶ್ವವಿದ್ಯಾನಿಲಯಕ್ಕೆ ಹೋಗಬೇಕಾದುದು ಆ ಕಾಲದ ವ್ಯವಸ್ಥೆಯ ಕೊರತೆಯನ್ನು ತೋರಿಸುತ್ತದೆ. ಅಲ್ಲಿಗೆ ಹೋಗಿಯೂ ವೇದಾಂತವನ್ನೇ ಆರಿಸಿಕೊಂಡುದು ಅವರ ದೃಷ್ಟಿಯ ಹಿರಿಮೆಯನ್ನು ತೋರಿಸುತ್ತದೆ.

ಕನ್ನಡಿಗರಿಗೆ ಇನ್ನೂ ಹತ್ತಿರದ ನಿದರ್ಶನ ಸ್ಟ್ಯಾನ್ಲಿ ಸಮರ್ಥರದು. ೧೯೨೦ರಲ್ಲಿ ಕಾರ್ಕಳದಲ್ಲಿ ಜನಿಸಿದ ಅವರು ಮಂಗಳೂರಿನಲ್ಲಿಯೂ ಬೆಂಗಳೂರಿನ ಯುನೈಟೆಡ್ ಕಾಲೇಜಿನಲ್ಲಿಯೂ ವ್ಯಾಸಂಗಮಾಡಿ, ಅಮೆರಿಕದ ಹಾರ್ಟ್‌ಫರ್ಡಿನಲ್ಲಿ ಡಾಕ್ಟರ್ ಪದವಿಯನ್ನು ಗಳಿಸಿದರು. ಮಂಗಳೂರಿನ ಬಾಸೆಲ್ ಮಿಷನ್ ಸೆಮಿನರಿಯಲ್ಲಿ ಅಧ್ಯಾಪಕರೂ ಮುಖ್ಯಸ್ಥರೂ ಆಗಿದ್ದು, ಬೆಂಗಳೂರಿನಲ್ಲಿ ಪಾಠ ಹೇಳಿ, ಕಡೆಗೆ ೧೯೬೬ರಿಂದ ೧೯೬೮ರವರೆಗೆ ಶ್ರೀರಾಮಪುರ ಕಾಲೇಜಿಗೇ ಮುಖ್ಯಾಧ್ಯಕ್ಷರಾದರು. ಕೇರಿಯವರು ಬಂಗಾಳದಲ್ಲಿ ಕುಳಿತು ಕನ್ನಡಕ್ಕೆ ವ್ಯಾಕರಣ ಬರೆದ ಊರಿನಲ್ಲಿ, ಸುಮಾರು ಒಂದೂವರೆ ಶತಮಾನದ ಮೇಲೆ, ಕನ್ನಡಿಗರೊಬ್ಬರು ಆಚಾರ್ಯಪೀಠವನ್ನು ಅಲಂಕರಿಸಿದರೆಂಬುದನ್ನು ನಮ್ಮ ಸಾಹಿತ್ಯಚರಿತ್ರಕಾರರು ಗಮನಕ್ಕೆ ತಂದುಕೊಳ್ಳಬೇಕು. ಅನಂತರ ಅವರು ಜಿನೀವಾದ ವಿಶ್ವ ಕ್ರೈಸ್ತಸಭಾಮಂಡಲಿಯಲ್ಲಿ ಇತರ ಮತಗಳೊಡನೆ ಸಂವಾದ ನಡೆಸುವ ವಿಭಾಗಕ್ಕೆ ಮೊದಲ ನಿರ್ದೇಶಕರಾದರು. ಪೂರ್ವಪಕ್ಷವನ್ನು ಆದರದಿಂದ ಕೇಳುವ ಗುಣವೇ ಅಂಥ ಹೊಣೆಗೆ ಮೊದಲನೆಯ ಅರ್ಹತೆ. ವಿದ್ಯೆಯಿಂದ ಹುಟ್ಟಿದ ನಾಯಕತ್ವವೆಂದರೆ ಇದು.

ಮತ್ತೊಂದು ಪಕ್ಷವನ್ನೂ ಹೇಳದಿದ್ದರೆ ವಿಚಾರ ಏಕಪಕ್ಷೀಯವಾಗುವುದು. ದೇವನಂದನ್ನರು ೧೯೬೨ರಲ್ಲಿ ತೀರಿಕೊಂಡಮೇಲೆ ಅವರು ಬೆಂಗಳೂರಿನಲ್ಲಿ ಸ್ಥಾಪಿಸಿದ್ದ ಧರ್ಮಸಮಾಜಾಧ್ಯಯನ ಸಂಸ್ಥೆಯನ್ನು ನಡೆಸಿದ ಎಂ. ಎಂ. ಥಾಮಸ್ ಅವರು ಕ್ರಮಬದ್ಧವಾದ ದೇವತಾಶಾಸ್ತ್ರದ ಪದವಿಯನ್ನು ಪಡೆದವರಲ್ಲ. ಆದರೂ ಅವರ ಗ್ರಂಥಗಳನ್ನು ಪದವೀಧರರು ಓದುತ್ತಾರೆ; ಸ್ವೀಡನ್ನಿನ ಉಪ್ಸಾಲಾ ವಿಶ್ವವಿದ್ಯಾನಿಲಯ ಅವರಿಗೆ ಗೌರವ ಡಾಕ್ಟರ್ ಪದವಿಯನ್ನಿತ್ತಿತು. ಪದವಿಯಿಲ್ಲದೆಯೂ ಆಚಾರ್ಯತ್ವ ಸಿದ್ಧಿಸಬಹುದೆಂಬುದಕ್ಕೆ ಇದು ಪ್ರಮಾಣ. ಆದರೆ ಅಪವಾದವನ್ನು ಉತ್ಸರ್ಗವೆಂದು ತಿಳಿಯುವುದು ಶಾಸ್ತ್ರರೀತಿಯಲ್ಲ. ಸಂಸ್ಥೆಗಳು ನಿಲ್ಲುವುದು ಉತ್ಸರ್ಗದ ಮೇಲೆ.

ಈಗ ಶ್ರೀರಾಮಪುರದ ಸೆನೆಟ್ಟಿಗೆ ಒಳಪಟ್ಟು ಸಂಶೋಧನೆಯ ಡಾಕ್ಟರ್ ಪದವಿಯನ್ನು ಸ್ವದೇಶದಲ್ಲಿಯೇ ಪಡೆಯಬಹುದಾಗಿದೆ. ಅಮೆರಿಕದಲ್ಲಿ ೧೯೦೩ರಲ್ಲಿ ಧಾರ್ಮಿಕಶಿಕ್ಷಣ ಸಂಘವು ಹುಟ್ಟಿದಮೇಲೆ ಮತಬೋಧೆಯನ್ನೂ ಶಿಕ್ಷಣಶಾಸ್ತ್ರದ ಕ್ರಮದಿಂದ ವಿಚಾರಿಸುವ ಪದ್ಧತಿ ಬಲಗೊಂಡಿತು. ೧೯೨೦ರಲ್ಲಿ ಹಾರ್ವರ್ಡಿನಲ್ಲಿ ಶಿಕ್ಷಣಶಾಸ್ತ್ರಕ್ಕೇ ಮೀಸಲಾದ ಡಾಕ್ಟರ್ ಪದವಿ ಏರ್ಪಟ್ಟಿತು. ಈ ಎರಡು ಧಾರೆಗಳು ಕೂಡಿ ಕ್ರೈಸ್ತಶಿಕ್ಷಣ ಮತ್ತು ನಾಯಕತ್ವ ಎಂಬ ವ್ಯಾಸಂಗವಿಭಾಗ ಬೆಳೆದಿದೆ. ಇದರಲ್ಲಿ ಎರಡು ದಾರಿಗಳುಂಟು. ಒಂದರಲ್ಲಿ ಅಭ್ಯರ್ಥಿಯು ನಿಯತವಾದ ಪಾಠಗಳನ್ನು ಮುಗಿಸಿ, ಸಮಗ್ರಪರೀಕ್ಷೆಯಲ್ಲಿ ಉತ್ತೀರ್ಣನಾಗಿ, ಹೊಸ ಪ್ರಮೇಯವನ್ನು ಸಾಧಿಸುವ ಪ್ರಬಂಧವನ್ನು ರಚಿಸಿ, ಪರೀಕ್ಷಕರ ಮುಂದೆ ಅದನ್ನು ಸಮರ್ಥಿಸಬೇಕು. ಇನ್ನೊಂದರಲ್ಲಿ, ಈಗಾಗಲೇ ಸಭೆಯಲ್ಲಿಯೋ ಶಾಲೆಯಲ್ಲಿಯೋ ಹೊಣೆ ಹೊತ್ತವನು ತನ್ನ ಕಾರ್ಯಕ್ಷೇತ್ರದ ಒಂದು ಸಮಸ್ಯೆಯನ್ನೇ ಎತ್ತಿಕೊಂಡು, ಪ್ರಯೋಗಮಾಡಿ, ಫಲಾಫಲಗಳನ್ನು ನಿರೂಪಿಸಬೇಕು. ಮೊದಲನೆಯದರಲ್ಲಿ ಬುದ್ಧಿಸಂಚಯ ಪ್ರಧಾನ, ಎರಡನೆಯದರಲ್ಲಿ ಆಚಾರಗ್ರಹಣ ಪ್ರಧಾನ. ಅರ್ಥಸಂಚಯವು ಎರಡಕ್ಕೂ ಅವಶ್ಯಕ.

೭

ಮೇಲಣ ವಿಚಾರದಿಂದ ಸಿದ್ಧವಾಗುವುದೇನೆಂದರೆ, ಪದವಿಯನ್ನು ಕೊಡುವ ಅಧಿಕಾರ ಬೇರೆ, ಅದನ್ನು ಸಾರ್ಥಕಪಡಿಸುವ ಸಾಮರ್ಥ್ಯ ಬೇರೆ. ಶ್ರೀರಾಮಪುರಕ್ಕೆ ಅಧಿಕಾರ ೧೮೨೭ರಲ್ಲಿ ಬಂದಿತು. ಸಾಮರ್ಥ್ಯ ೧೯೧೮ರ ಸೆನೆಟ್ಟಿನೊಡನೆ ನೆಲೆಗೊಂಡಿತು. ಇದು ಕ್ರೈಸ್ತವಿದ್ಯೆಗೆ ಮಾತ್ರ ಸೀಮಿತವಾದ ಪಾಠವಲ್ಲ. ಹೊಸ ಹೊಸ ವಿಶ್ವವಿದ್ಯಾನಿಲಯಗಳಿಗೆ ಶಾಸನದಿಂದ ಅಧಿಕಾರ ಸುಲಭವಾಗಿ ದೊರೆಯುತ್ತಿರುವ ಈ ಕಾಲದಲ್ಲಿ ಸಂಸ್ಕೃತ ಪಾಠಶಾಲೆಗಳವರೂ ಕನ್ನಡ ವಿಭಾಗಗಳವರೂ ಇದನ್ನು ಮನನಮಾಡಬೇಕಾಗಿದೆ. ಪರೀಕ್ಷಿಸಬಲ್ಲವರ ಗೋಷ್ಠಿಯಿಲ್ಲದೆ ಕೊಟ್ಟ ಪದವಿ ಸನ್ನದಿನ ಕಾಗದದಷ್ಟೇ ನಿಶ್ಶಬ್ದವಾಗಿರುವುದು.

ಎರಡನೆಯ ಮಾತು ಭಾಷೆಯದು. ಕೇರಿ, ಮ್ಯೋಗ್ಲಿಂಗ್, ಕಿಟ್ಟೆಲ್ ಇವರ ಪದವಿಗಳ ಹಿಂದೆ ದೇಶಭಾಷೆಗಳಲ್ಲಿ ನಡೆದ ಪರಿಶ್ರಮವಿತ್ತು. ೧೮೧೮ರ ಯೋಜನೆಯಲ್ಲಿ ಸಂಸ್ಕೃತಕ್ಕೆ ಮುಖ್ಯಸ್ಥಾನವಿತ್ತು. ೧೯೬೫ರಲ್ಲಿ ಮಂಗಳೂರಿನಲ್ಲಿ ಸ್ಥಾಪಿತವಾದ ಕರ್ನಾಟಕ ಥಿಯಲಾಜಿಕಲ್ ಕಾಲೇಜು ಆ ಬಾಸೆಲ್ ಮಿಷನ್ನಿನ ಪರಂಪರೆಗೇ ಉತ್ತರಾಧಿಕಾರಿ. ಕನ್ನಡನಾಡಿನಲ್ಲಿ ಕುಳಿತು ಕ್ರೈಸ್ತಶಿಕ್ಷಣದಲ್ಲಿ ಡಾಕ್ಟರ್ ಪದವಿಯನ್ನು ಅರಸುವವನು ತನ್ನ ಪ್ರಬಂಧವನ್ನು ಇಂಗ್ಲಿಷಿನಲ್ಲಿ ಬರೆಯಲಿ, ಅದಕ್ಕೆ ಆಕ್ಷೇಪಣೆಯಿಲ್ಲ. ಆದರೆ ಅದರ ಸಾರವನ್ನು ತಾನು ಕಲಿಸಬೇಕಾದ ಮಕ್ಕಳಿಗೂ ತಾನು ನಡೆಸಬೇಕಾದ ಸಭೆಗೂ ತಿಳಿಯುವ ಕನ್ನಡದಲ್ಲಿ ಹೇಳಲಾರದೆ ಹೋದರೆ, ಪದವಿ ದೊರೆತೂ ಶಬ್ದದ ಮೂಲಾರ್ಥವಾದ ಅಧ್ಯಾಪನವು ಸಿದ್ಧಿಸಲಿಲ್ಲವೆಂದೇ ಭಾವಿಸಬೇಕು. ಕಿಟ್ಟೆಲರ ಕೋಶವನ್ನು ನಿತ್ಯವೂ ತಿರುವಿಹಾಕುವ ನಾವು ಈ ಒಂದು ನ್ಯಾಯವನ್ನು ಕೇಳುವುದರಲ್ಲಿ ತಪ್ಪಿಲ್ಲ.